ಮೂರನೆಯ ಕೂಗು

ಚಪ್ಪಲಿ ಬಿಡಬೇಕು, ಫೋನು ಆರಿಸಬೇಕು, ಒಳಗೆ ಹೋದ ಮೇಲೆ ತುಟಿ ಪಿಟಕ್ಕೆನ್ನಬಾರದು. ಕರಿಯ ಪರದೆಯ ಮುಂದೆ ನಿಂತಿದ್ದ ಹುಡುಗಿ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಳು. ಕಾಲುಚೀಲ ಹಾಕಿಕೊಂಡವರು ಹಾಗೇ ಬರಬಹುದು, ಒಳಗೆ ಚಳಿ ಜಾಸ್ತಿ ಎಂದೂ ಸೇರಿಸುತ್ತಿದ್ದಳು.

ಹೊರಗೇನು ಚಳಿಗೆ ಬರವೇ ಎಂದುಕೊಂಡಳು ವನಿತಾ. ಮಾಗಿಯ ನಟ್ಟನಡು. ಮಧ್ಯಾಹ್ನ ಕಳೆದು ಇಷ್ಟು ಹೊತ್ತಾದರೂ ಚಾಮರಾಜನಗರದ ಮೇಲೆ ಸೂರ್ಯ ಮುಖ ತೋರಿಸಿರಲಿಲ್ಲ. ಊರಾಚೆ, ಕುದೇರಿಗೆ ಹೋಗುವ ದಾರಿಯ ಆ ಹಳೇ ಅರಿಶಿನದ ಗೋದಾಮಿನ ಅಂಗಳದಲ್ಲಿ ನಿಂತವರೆಲ್ಲ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಅವಳು ಕೆಂಪು ಸ್ವೆಟರಿನ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಂಡಳು. 

ಅವಳ ತಮ್ಮ ಶಶಿಕುಮಾರ ಸೀಗೆಪುರದ ಕಾಡಂಚಿನಲ್ಲಿ ಅವರೆ ಹೊಲ ಕಾಯಲು ಹೋದವನು ಮನೆಗೆ ಮರಳದೆ ತಿಂಗಳಾಗುತ್ತ ಬಂದಿತ್ತು. ಶುಂಠಿ ಕೆಲಸಕ್ಕೆ ಕೇರಳಕ್ಕೆ ಹೋಗಿರುತ್ತಾನೆ ಬಿಡು ಎಂದು ಊರವರು ಕೈತೊಳೆದುಕೊಂಡಿದ್ದರು. ನಿನ್ನೆ ಅವಳ ಬಸ್ಸು ಹತ್ತಿದ ಸೀಗೆಪುರದ ಹೆಂಗಸೊಬ್ಬಳು ಟಿಕೆಟ್ ಕೈಗೆ ತೆಗೆದುಕೊಂಡವಳೇ, ನಗರದಲ್ಲಿ ಯಾವುದೋ ಕತ್ತಲೆ ಕೋಣೆಯ ಪ್ರದರ್ಶನ ಹಾಕವ್ರೆ, ಅದರೊಳಗೆ ನಿನ್ನ ತಮ್ಮ ಕೂಗುತ್ತಾನೆ ಎಂದಿದ್ದಳು. ಗುಂಡ್ಲುಪೇಟೆ ಚಾಮರಾಜನಗರದ ನಡುವೆ ವರ್ಷಗಟ್ಟಲೆ ಕಂಡಕ್ಟರಿಕೆ ಮಾಡಿ, ಎಂಥೆಂಥ ಗಲಾಟೆಯನ್ನೂ ಒಂದು ವಿಸಿಲಿನಲ್ಲಿ ಅಡಗಿಸಿದ್ದ ವನಿತಾ ಮುಂದಿನ ಸ್ಟಾಪಿಗೆ ವಿಸಿಲು ಊದುವುದನ್ನೇ ಮರೆತಳು.

ಪಕ್ಕದಲ್ಲಿ ಮಂಕಿ ಕ್ಯಾಪು ಹಾಕಿ ನಿಂತಿದ್ದವರು ಅಬ್ದುಲ್ ಸತ್ತಾರ್. ಸಬ್‌ಇನ್ಸ್‌ಪೆಕ್ಟರಾಗಿ ನಿವೃತ್ತಿಯಾಗಿ, ಮನೆಯಲ್ಲಿ ಸುಮ್ಮನೆ ಕೂತರೆ ಕೀಲು ಹಿಡಿಯುತ್ತದೆ ಎಂದು ಕಳೆದುಹೋದವರನ್ನು ಹುಡುಕಿಕೊಡುವ ಕೆಲಸಕ್ಕೆ ಇಳಿದವರು. ಆನೆಗೂ ಹೆದರದ ಸಾಹೇಬರಿಗೆ ಚಳಿ ಎಂದರೆ ಮಾತ್ರ ಜೀವ ಹೋಗುತ್ತಿತ್ತು.

ಹೊಲ ಕಾಯುವವರೆಲ್ಲ ಒಂದೇ ತರಹ ಕೂಗುತ್ತಾರಲ್ಲ, ತಮ್ಮನದೇ ದನಿ ಅಂತ ಹೇಗೆ ಗುರುತು ಹಿಡಿಯುತ್ತೀರಿ ಎಂದು ಅವರು ಮೆಲ್ಲಗೆ ಕೇಳಿದರು. ವನಿತಾ ವಿವರಿಸಿದಳು. ಸೀಗೆಪುರದಲ್ಲಿ ಮಾಗಿ ಬಂತೆಂದರೆ ಪ್ರತಿ ಹೊಲಕ್ಕೂ ಒಂದು ಅಟ್ಟಣೆ. ನಾಲ್ಕು ಕಂಬದ ಮೇಲೆ ಹಲಗೆ ಹಾಸಿ, ಸೋಗೆ ಹೊದಿಸಿದ ಕಾವಲು ಮಂಚ. ಪ್ರತಿ ಅಟ್ಟಣೆಗೂ ಅದರದೇ ಕೂಗು. ಶಶಿ ಕೂಗನ್ನು ಎಳೆದೆಳೆದು ಕೊನೆಗೆ ಮೇಲಕ್ಕೆ ಚಿಮ್ಮಿಸುತ್ತಿದ್ದ. ಒಬ್ಬ ಕೂಗಿದರೆ ಪಕ್ಕದ ಅಟ್ಟಣೆಯವನು ಓಗೊಡಲೇಬೇಕು. ಇಲ್ಲದಿದ್ದರೆ ಮತ್ತೆ ಕೂಗುತ್ತಾನೆ. ಮೂರನೆಯ ಕೂಗಿಗೂ ಓ ಅನ್ನಲಿಲ್ಲವೋ, ಅಲ್ಲೇನೋ ಆಗಬಾರದ್ದು ಆಗಿದೆ ಎಂದು ಎಲ್ಲರೂ ಹೊಲ ಬಿಟ್ಟು ಪಂಜು ಹಿಡಿದು ಓಡುತ್ತಾರೆ. ತಮಾಷೆಗೆ ಯಾರೂ ಕೂಗುವುದಿಲ್ಲ, ಸೋಮಾರಿತನಕ್ಕೆ ಯಾರೂ ಸುಮ್ಮನಿರುವುದಿಲ್ಲ.

ನಮ್ಮ ಪೊಲೀಸ್ ಬೀಟ್ ವ್ಯವಸ್ಥೆಗಿಂತ ಇದೇ ವಾಸಿ ಎಂದು ಸತ್ತಾರ್ ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, ಶಶಿಯ ಪಕ್ಕದ ಅಟ್ಟಣೆ ಆ ದೊಡ್ಡಯ್ಯನದೇ ಅಲ್ಲವೇ ಎಂದು ಕೇಳಿದರು.

ವನಿತಾ ಹೌದೆಂದು ತಲೆಯಾಡಿಸಿದಳು. ದೊಡ್ಡಯ್ಯ ದೀಪಾವಳಿಗೆ ಮೊದಲೇ ತೀರಿಕೊಂಡಿದ್ದ. ಮಕ್ಕಳು ಪಾಲಿಗೆ ಕಿತ್ತಾಡುತ್ತ ಹೊಲವನ್ನು ಬೀಳು ಬಿಟ್ಟಿದ್ದರು. ಆದರೂ ಈ ಚಳಿಗಾಲದಲ್ಲಿ ಆ ಖಾಲಿ ಅಟ್ಟಣೆಯಿಂದ ದಿನವೂ ಯಾರೋ ಓಗೊಡುತ್ತಾರೆ, ದೊಡ್ಡಯ್ಯನ ಹಾಗೇ ಎರಡು ಸಲ ಮೊಟಕಾಗಿ, ಒಂದು ಸಲ ಉದ್ದಕ್ಕೆ ಎಂದು ಶಶಿ ಫೋನಿನಲ್ಲಿ ನಕ್ಕು ಹೇಳಿದ್ದ. ಯಾರನ್ನೋ ಕೂಲಿಗೆ ಇಟ್ಟಿರಬೇಕು, ಒಂದು ದಿನ ಹೋಗಿ ನೋಡುತ್ತೇನೆ ಅಂದಿದ್ದ. ಕಳೆದ ವಾರ ಸತ್ತಾರ್ ಆ ಅಟ್ಟಣೆಯ ಕೆಳಗಿನ ಮಣ್ಣು ಕೆದಕಿದಾಗ ಜಿಂಕೆಗೆ ಒಡ್ಡುವ ತಂತಿ ಉರುಲುಗಳು ಸಿಕ್ಕಿದ್ದವು.

ಅಂಗಳದ ಆ ತುದಿಯಲ್ಲಿ ನಿಂತಿದ್ದ ತರಕಾರಿ ಗಾಡಿಯ ಕಡೆ ವನಿತಾ ತಿರುಗಿ ನೋಡಿದಳು. ಅವಳ ಗಂಡ ಗಂಗಾಧರಸ್ವಾಮಿ ಕಿಟಕಿಯಿಂದ ಕೈಯಾಡಿಸಿದ. ಗುಂಡ್ಲುಪೇಟೆ ಪೇಟೆಯಲ್ಲೇ ಹುಟ್ಟಿ ಬೆಳೆದವನು, ಹೊಲ ಗಿಲ ಗೊತ್ತಿಲ್ಲ. ಸಂಜೆ ಸಂಜೆಗೆ ತರಕಾರಿ ಹೇರಿಕೊಂಡು ಕೇರಳಕ್ಕೆ ಹೋಗುವುದು, ಬೆಳಗ್ಗೆ ಬರುವುದು ಅವನ ಕಸುಬು. ಶಶಿ ಕಾಣೆಯಾದ ದಿನವೂ ಗಡಿಯಾಚೆ ಇದ್ದ. ಬಂಡೀಪುರದ ಗೇಟು ಒಂದು ಸಲ ಹಾಕಿದರೆ ಬೆಳಗಾಗುವ ತನಕ ಆಚೆಯವನು ಈಚೆ ಬರುವಂತಿಲ್ಲವಾದ್ದರಿಂದ ಅವನ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಅಂದಿನಿಂದ ಅವಳ ಜೊತೆ ಠಾಣೆ ಅಲೆದವನು, ಊಟ ಸೇರದ ದಿನ ತುತ್ತು ಕಲಸಿ ಬಾಯಿಗಿಟ್ಟವನು. ಇವತ್ತು ಒಳಗೆ ಬನ್ನಿ ಎಂದರೆ ಮಾತ್ರ ಒಪ್ಪಿರಲಿಲ್ಲ.

"ಚಳೀಲಿ ನಡುಗ್ಕಂಡು ಕತ್ಲ ನೋಡಕ್ಕೆ ನಂಗೇನ್ ಗ್ರಾಚಾರವಾ? ನೀವ್ ನೋಡ್ಕಂಡ್ ಬನ್ನಿ. ನಾನೊಂದ್ ಟೀ ಕುಡ್ದು ಗಾಡೀಲೇ ಮಲ್ಗಿರ್ತೀನಿ" ಅಂದಿದ್ದ.

ಪರದೆ ಸರಿಯಿತು.

ಒಳಗೆ ಕಾಲಿಟ್ಟ ಕೂಡಲೆ ಪಾದ ಹೂತುಹೋಯಿತು. ನೆಲದ ತುಂಬ ಹುರುಳಿ ಹೊಟ್ಟು, ಹೆಜ್ಜೆಯಿಟ್ಟರೆ ಚರಕ್ ಎನ್ನುತ್ತಿತ್ತು. ಗೋದಾಮಿನ ನಾಲ್ಕು ಗೋಡೆಯೂ ಇಲ್ಲವಾಗಿ, ಅಲ್ಲಿ ಕಾಡಂಚಿನ ಹೊಲ ಹರಡಿತ್ತು. ಮಂಜು ನಿಧಾನಕ್ಕೆ ಗೋಡೆಯಿಂದ ಗೋಡೆಗೆ ಸರಿಯುತ್ತಿತ್ತು. ಎಲ್ಲೋ ಇಟ್ಟಿದ್ದ ಯಂತ್ರ ತಣ್ಣನೆ ಗಾಳಿಯನ್ನು ಮುಖಕ್ಕೆ ಊದುತ್ತಿತ್ತು. ಜೀರುಂಡೆಯ ಸದ್ದು ನೆಲದಿಂದಲೇ ಏಳುತ್ತಿದೆಯೋ ಎಂಬಂತಿತ್ತು. ನಡುವೆ ನಿಜವಾದದ್ದೇ ಒಂದು ಅಟ್ಟಣೆ, ಅದರ ಮೇಲೆ ಮಡಚಿಟ್ಟ ಒಂದು ಕಂಬಳಿ, ಆರಿದ ಒಂದು ಲಾಟೀನು. ಗೋದಾಮಿನ ಹಳೇ ಅರಿಶಿನದ ವಾಸನೆ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಸೀಗೆಪುರವೇ. ಟಿಕೆಟ್ ತೆಗೆದುಕೊಂಡು ಇಂಥದನ್ನು ನೋಡಲು ಬರುವವರಿಗೆ ಇದು ಚಂದ ಕಾಣುತ್ತದೇನೋ, ವನಿತಾಗೆ ಅಲ್ಲಿಂದ ಓಡಿಹೋಗುವಂತಾಯಿತು.

ಬಂದಿದ್ದವರು ಹೆಚ್ಚಿರಲಿಲ್ಲ. ಒಂದಷ್ಟು ಕಾಲೇಜು ಹುಡುಗಿಯರು, ಒಂದೇ ಶಾಲಿನೊಳಗೆ ಸೇರಿಕೊಂಡ ಗಂಡ ಹೆಂಡತಿ. ಮೂಲೆಯಲ್ಲಿ ಕರಿಯ ಕಂಬಳಿ ಹೊದ್ದ ಒಂದು ಆಳು. ಆ ಆಳು ಮುಖ ತಿರುಗಿಸಿದಾಗ ವನಿತಾ ಗುರುತು ಹಿಡಿದಳು. ರಂಗಸ್ವಾಮಿ. ಶಶಿಯ ಹೊಲದ ಇನ್ನೊಂದು ಮಗ್ಗುಲಿನವನು, ಬದುವಿನ ಜಗಳಕ್ಕೆ ಶಶಿಯ ಕೊರಳಪಟ್ಟಿ ಹಿಡಿದಿದ್ದವನು, ಆ ದಿನ ಬೇಗೂರಿನ ಅಕ್ಕನ ಮನೆಯಲ್ಲಿದ್ದೆ ಎಂದು ಪೊಲೀಸರ ಮುಂದೆ ಹೇಳಿದವನು. ಬಣ್ಣದ ಬೆಳಕು ನೋಡಲು ನಗರಕ್ಕೆ ಬರುವ ಪೈಕಿ ಅಲ್ಲವೇ ಅಲ್ಲ.

ಸತ್ತಾರ್ ಅವಳ ಮುಂಗೈಯನ್ನು ಒತ್ತಿ, ಇಲ್ಲೇ ನಿಲ್ಲಿ ಎಂಬಂತೆ ಸನ್ನೆ ಮಾಡಿ ಆ ಕಡೆ ಸರಿದರು. ಅಷ್ಟರಲ್ಲಿ ಗೋಡೆಯ ಮೇಲಿನ ಬೆಳಕು ಕಂತಿತು. ಕಣ್ಣು ತೆರೆದಿದ್ದರೂ ಮುಚ್ಚಿದ್ದರೂ ಒಂದೇ ಎನ್ನುವಂಥ ಕತ್ತಲೆ.

ಆಗ ಶಶಿ ಕೂಗಿದ.

ದೂರದಿಂದ ಬಂತು. ಎಳೆದು, ಎಳೆದು, ಕೊನೆಗೆ ಮೇಲಕ್ಕೆ ಚಿಮ್ಮಿತು. ಬಾಲ್ಯದಲ್ಲಿ ಹುಣಸೆ ಮರದ ತುದಿಯಿಂದ ಅಕ್ಕಾ ಎಂದು ಕೂಗುತ್ತಿದ್ದ ಅದೇ ಗಂಟಲು. ವನಿತಾಳ ಕಣ್ಣಿಂದ ನೀರು ದಳದಳ ಇಳಿಯಿತು. ಮೈಯೆಲ್ಲ ಕಿವಿಯಾಗಿ ಮರುಕೂಗಿಗೆ ಕಾದಳು. ಬರಲಿಲ್ಲ. ಜೀರುಂಡೆ ಮಾತ್ರ ಕೂಗುತ್ತಿತ್ತು.

ಎರಡನೆಯ ಸಲ ಕೂಗಿದ. ಈಗ ದನಿ ಸ್ವಲ್ಪ ಗಟ್ಟಿಯಾಗಿತ್ತು.

ಮತ್ತು ಅವಳ ಬೆನ್ನ ಹಿಂದಿನಿಂದ ಯಾರೋ ಓಗೊಟ್ಟರು. ಎರಡು ಮೊಟಕು, ಒಂದು ಉದ್ದ.

 ಆ ದನಿ ಗೋಡೆಯಿಂದ ಬಂದದ್ದಲ್ಲ, ಮೇಲಿನ ಸ್ಪೀಕರಿನಿಂದಲೂ ಅಲ್ಲ. ತೀರ ಹತ್ತಿರ, ಕೈ ಹಿಂದೆ ಚಾಚಿದರೆ ಸಿಗುವಷ್ಟು ಹತ್ತಿರ. ಕೊನೆಯ ಉದ್ದದ ದನಿ ನಡುವೆಯೇ ಕತ್ತರಿಸಿದಂತೆ ನಿಂತುಹೋಯಿತು. ಆಮೇಲೆ ಉಸಿರು ಬಿಗಿಹಿಡಿದ ಸದ್ದು. ವನಿತಾ ಕತ್ತಲಲ್ಲಿ ತಡಕಾಡಿ ಅಟ್ಟಣೆಯ ಕಂಬ ಹಿಡಿದಳು. ಹೊಟ್ಟಿನ ಮೇಲೆ ಚರಕ್, ಚರಕ್ ಎಂದು ಹೆಜ್ಜೆ ಹಿಂದಕ್ಕೆ ಸರಿಯಿತು.

ಮೂರನೆಯ ಕೂಗು ಬಂತು. ಅದರಲ್ಲಿ ಶಶಿಯ ದನಿ ಒಡೆದಿತ್ತು. ಯಾರೂ ಓಗೊಡಲಿಲ್ಲ.

ದೀಪ ಹತ್ತಿದಾಗ ವನಿತಾ ಅಟ್ಟಣೆಯ ಕಂಬವನ್ನು ತಬ್ಬಿಕೊಂಡು ನಿಂತಿದ್ದಳು. ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಅವಳ ಹಿಂದೆ ಯಾರೂ ಇರಲಿಲ್ಲ. ಗೋದಾಮಿನ ಹಿಂಬಾಗಿಲಿಗೆ ಕಟ್ಟಿದ್ದ ಇನ್ನೊಂದು ಕರಿಯ ಪರದೆ ಮೆಲ್ಲಗೆ ತೂಗಾಡುತ್ತಿತ್ತು.

ಪ್ರದರ್ಶನ ಮಾಡಿದ ಕಲಾವಿದೆಯ ಹೆಸರು ಬೃಂದಾ, ಮೈಸೂರಿನವಳು. ಹಿಂಬಾಗಿಲ ಪಕ್ಕದ ಪ್ಲೈವುಡ್ ಗೂಡಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ವನಿತಾ ಹೋಗಿ ಮೇಜು ಹಿಡಿದು ನಿಂತು, ಆ ಮರುಕೂಗನ್ನು ಇನ್ನೊಂದು ಸಲ ಕೇಳಿಸಿ ಎಂದಳು.

"ಮರುಕೂಗಾ? ನನ್ನ ರೆಕಾರ್ಡಿಂಗಿನಲ್ಲಿ ಮರುಕೂಗೇ ಇಲ್ಲ ಮೇಡಂ" ಎಂದಳು ಬೃಂದಾ. "ಮೂರು ಸಲ ಕೂಗ್ತಾರೆ, ಯಾರೂ ಉತ್ತರ ಕೊಡಲ್ಲ. ಆ ಒಂಟಿತನ ಇಷ್ಟವಾಗಿ ಅದನ್ನೇ ಆರಿಸಿಕೊಂಡೆ. ಇವತ್ತು ನೋಡೋಕೆ ಬಂದವರಲ್ಲೇ ಯಾರೋ ಉತ್ತರ ಕೊಟ್ಟರು. ನನಗೆ ಎಷ್ಟು ಖುಷಿಯಾಯ್ತು ಅಂದರೆ…"

ವನಿತಾಳ ಮುಖ ನೋಡಿ ಮಾತು ಅಲ್ಲೇ ನಿಂತಿತು.

ಬೃಂದಾಳಿಗೆ ಏನೂ ಗೊತ್ತಿರಲಿಲ್ಲ. ಕಾಡಂಚಿನ ಹೊಂಗೆ ಮರಗಳಿಗೆ ಮೈಕು ಕಟ್ಟಿ, ವಾರಕ್ಕೊಮ್ಮೆ ಬಂದು ಬಿಚ್ಚಿಕೊಂಡು ಹೋಗುವುದಷ್ಟೇ ಅವಳ ಕೆಲಸ. ಯಾವ ದಿನದ ಸದ್ದು ಎಂಬುದನ್ನು ಯಂತ್ರವೇ ಗುರುತು ಹಾಕುತ್ತಿತ್ತು. ಅದನ್ನು ನೋಡಿ ಹೇಳಿದಳು. ಶಶಿ ಕಾಣೆಯಾದ ದಿನವೇ. ಕೂಗಿದವನು ಮತ್ತೆ ಮನೆಗೆ ಬಂದಿಲ್ಲ ಎಂದು ತಿಳಿದಾಗ ಪಾಪ, ಅವಳ ಮುಖ ಬಿಳಿಚಿಕೊಂಡಿತು.

ಅಷ್ಟು ಹೊತ್ತಿಗೆ ಸತ್ತಾರ್ ಸಾಹೇಬರು ರಂಗಸ್ವಾಮಿಯ ರಟ್ಟೆ ಹಿಡಿದು ಗೂಡಿನ ಬಳಿಗೆ ಕರೆತಂದಿದ್ದರು. ವನಿತಾ ಅವನ ಮೇಲೆ ಏರಿಹೋದಳು. ಸಾಹೇಬರು ನಡುವೆ ಬರದಿದ್ದರೆ ಕಂಬಳಿಯ ಜೊತೆ ಚರ್ಮವೂ ಕಿತ್ತು ಬರುತ್ತಿತ್ತು.

"ನಾನಲ್ಲ ಸಾಮಿ ಓ ಅಂದಿದ್ದು. ದೇವ್ರಾಣೆ ನಾನಲ್ಲ" ಎಂದ ರಂಗಸ್ವಾಮಿ.

"ಗೊತ್ತು" ಎಂದರು ಸತ್ತಾರ್. "ದೀಪ ಆರಿದ ಕೂಡಲೆ ಬಂದು ನಿನ್ನ ಕಂಬಳಿ ಚುಂಗು ಹಿಡಿದು ನಿಂತಿದ್ದವನು ನಾನೇ. ಆ ದನಿ ಬಂದದ್ದು ಹಿಂಬಾಗಿಲ ಕಡೆಯಿಂದ. ಆದರೆ ಎರಡನೇ ಕೂಗು ಬಂದಾಗ ನೀನು ಕಂಬಳಿಯನ್ನ ಬಾಯಿಗೆ ತುರುಕಿಕೊಂಡೆ. ಅದು ಯಾಕೆ?"

ರಂಗಸ್ವಾಮಿಯ ಕಂಬಳಿಯ ಅಂಚು ಎಂಜಲಿನಿಂದ ಒದ್ದೆಯಾಗಿತ್ತು. ಅವನು ಅದನ್ನು ಅಂಗೈಯಿಂದ ಒರೆಸಿಕೊಂಡ.

"ಕೂಗು ಕಿವಿಗ್ ಬಿದ್ದೇಟ್ಗೆ ಬಾಯಿ ತಾನಾಗೇ ಬುಟ್ಕತದೆ ಸಾಮಿ. ನಿದ್ದೇಲಿದ್ರೂವೆ ಓ ಅಂತೀವಿ. ಹೊಲ ಕಾದೋರ ಬಾಯಿ ಅವ್ರ ಮಾತ್ ಕೇಳಾಕಿಲ್ಲ. ಓ ಅಂದ್ಬುಟ್ರೆ ಸತ್ತೋನು ನನ್ ಕಡೆ ತಿರುಗ್ತಾನೆ ಅಂತ ಬಾಯ್ ಮುಚ್ಕಂಡೆ."

ಯಾವ ಸತ್ತವನು ಎಂದು ಕೇಳಿದ್ದಕ್ಕೆ, ದೊಡ್ಡಯ್ಯ ಅಂದ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ದೊಡ್ಡಯ್ಯ ಸತ್ತ ಮೇಲೂ ಅವನ ಅಟ್ಟಣೆಯಿಂದ ಮರುಕೂಗು ಬರುತ್ತಿತ್ತು, ಥೇಟು ಅವನ ಹಾಗೇ. ಅದನ್ನು ಕೇಳಿ ಕೇಳಿ ರಂಗಸ್ವಾಮಿಗೆ ಜ್ವರ ಹಿಡಿಯಿತು. ಅವನು ಬೇಗೂರಿಗೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಹೊಲದ ಗುಡ್ಲಿನಲ್ಲೇ ಮುಸುಕೆಳೆದು ಮಲಗಿದ್ದ. ಶಶಿ ಕೂಗಿದ ಮೂರೂ ಕೂಗು ಅವನಿಗೆ ಕೇಳಿಸಿತ್ತು. ತಾನು ಕೇಳಿದ್ದು ದಿಟವೋ, ಜ್ವರದ ಬಾಧೆಯೋ ಎಂದು ನೋಡಲು ಇವತ್ತು ಬಂದಿದ್ದ.

"ಕೇಳ್ಸಿದ್ರೂ ಏಳ್ನಿಲ್ವಾ ನೀನು?" ವನಿತಾ ಅವನ ಕಂಬಳಿ ಹಿಡಿದು ಜಗ್ಗಿದಳು. "ಮೂರ್ ಸಲ ಕೂಗವ್ನೆ. ನೀನೊಬ್ಬ ಪಂಜು ಹಚ್ಚಿದ್ರೆ ಊರೆಲ್ಲ ಬತ್ತಿತ್ತು."

"ಹೆದ್ರುಬುಟ್ಟೆ ಕಣವ್ವ" ಎಂದ ರಂಗಸ್ವಾಮಿ. ಅವನು ಅಳುತ್ತಿದ್ದ. ಶಶಿಯ ಮೇಲೆ ಹಗೆ ಸಾಧಿಸುವಷ್ಟು ಕೂಡ ಗಟ್ಟಿ ಮನುಷ್ಯನಲ್ಲ ಇವನು ಎಂದು ಗೊತ್ತಾದಾಗ ವನಿತಾಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇವನಲ್ಲವಾದರೆ ಬೆನ್ನ ಹಿಂದೆ ನಿಂತಿದ್ದವನು ಯಾರು?

ಸತ್ತಾರ್ ಮಂಕಿ ಕ್ಯಾಪನ್ನು ತೆಗೆದು ತಲೆ ಕೆರೆದುಕೊಂಡರು. ಅವರು ಟೋಪಿ ತೆಗೆದರೆಂದರೆ ಚಳಿ ಮರೆತಿದ್ದಾರೆಂದು ಲೆಕ್ಕ.

"ಉರುಲು ಹಾಕೋನಿಗೆ ಆ ಅಟ್ಟಣೆ ಬೇಕಿತ್ತು" ಎಂದರು. "ಓಗೊಡದಿದ್ರೆ ಪಂಜು ಹಿಡಿದು ಜನ ಬರ್ತಾರೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ದೊಡ್ಡಯ್ಯನ ದನಿ ಕಲಿತು ದಿನಾ ಓಗೊಟ್ಟ. ಅಭ್ಯಾಸ ಆಗಿಹೋಯ್ತು. ಇವತ್ತು ರೆಕಾರ್ಡಿಂಗಿನಲ್ಲಿ ಏನಿದೆ ಅಂತ ನೋಡೋಕೆ ಕತ್ತಲಲ್ಲಿ ನುಗ್ಗಿದವನು ಅಭ್ಯಾಸಬಲಕ್ಕೆ ಬಾಯಿ ಬಿಟ್ಟುಬಿಟ್ಟ. ಸರಿ. ದಿನಾ ಓ ಅಂತಿದ್ದವನು ಆ ಒಂದು ದಿನ ಮಾತ್ರ ಯಾಕೆ ಅನ್ನಲಿಲ್ಲ?"

ಅವರು ಟೋಪಿಯನ್ನು ಮಡಚಿ ಮೇಜಿನ ಮೇಲಿಟ್ಟರು.

"ಯಾಕಂದ್ರೆ ಆವತ್ತು ಅವನು ದೊಡ್ಡಯ್ಯನ ಅಟ್ಟಣೆ ಮೇಲೆ ಇರಲಿಲ್ಲ, ವನಿತಮ್ಮ. ನಿಮ್ಮ ತಮ್ಮನ ಅಟ್ಟಣೆ ಕೆಳಗೆ ಇದ್ದ."

ವನಿತಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ಬೃಂದಾ ಅವಳಿಗೆ ನೀರು ಕೊಟ್ಟು, ತಡವರಿಸುತ್ತ ಇನ್ನೊಂದು ವಿಷಯ ಹೇಳಿದಳು. ಮೂರನೆಯ ಕೂಗಾದ ಮೇಲೆ ಅದೇ ದನಿ ಮೆತ್ತಗೆ, ಯಾರ ಜೊತೆಯೋ ಮಾತಾಡಿದ ಹಾಗೆ ಏನೋ ಅನ್ನುತ್ತದೆ. ಮಾತು ಬಂದರೆ ಕೂಗಿನ ಗುಂಗು ಕೆಡುತ್ತದೆಂದು ಅವಳು ಅದನ್ನು ಕತ್ತರಿಸಿ ತೆಗೆದಿದ್ದಳು. ಆ ತುಣುಕು ಮೈಸೂರಿನ ಸ್ಟುಡಿಯೋದಲ್ಲಿದೆ, ಗೆಳತಿಗೆ ಹೇಳಿ ಈಗಲೇ ಕಳಿಸಲು ಹೇಳುತ್ತೇನೆ, ಒಂದು ಗಂಟೆಯೊಳಗೆ ಬರುತ್ತದೆ ಎಂದಳು.

ಸತ್ತಾರ್ ತಾವು ಕೂತು ಕಾಯುತ್ತೇನೆ ಎಂದರು. ಹೊರಗೆ ಗಾಡಿಯ ಹಾರನ್ನು ಎರಡು ಸಲ ಕೂಗಿತು. ಗಂಗಾಧರಸ್ವಾಮಿಗೆ ಗುಂಡ್ಲುಪೇಟೆಯಲ್ಲಿ ಲೋಡು ಹತ್ತಿಸಿಕೊಂಡು ಗೇಟು ಹಾಕುವ ಮೊದಲು ಕಾಡು ದಾಟಬೇಕಿತ್ತು. ನೀವು ಮನೆಗೆ ಹೋಗಿ, ನಿಮ್ಮ ಯಜಮಾನರ ಜೊತೆಯಲ್ಲೇ ಇರಿ, ಒಬ್ಬರೇ ಎಲ್ಲೂ ಇಳಿಯಬೇಡಿ ಎಂದು ಸತ್ತಾರ್ ಅವಳನ್ನು ಬಾಗಿಲ ತನಕ ಬಿಟ್ಟರು. ಸೀಗೆಪುರದಲ್ಲಿ ಹುಟ್ಟಿದ ಒಬ್ಬ ಉರುಲುಗಾರನನ್ನು ಅವರು ಆಗಲೇ ಮನಸ್ಸಿನಲ್ಲಿ ಹುಡುಕುತ್ತಿದ್ದರು.

ಮೆಟ್ಟಿಲ ಮೇಲೆ ಎಲ್ಲರೂ ಕೂತು ಕಾಲುಚೀಲಕ್ಕೆ ಅಂಟಿದ ಹುರುಳಿ ಹೊಟ್ಟನ್ನು ಬಿಡಿಸಿಕೊಳ್ಳುತ್ತಿದ್ದರು. ಸುಲಭಕ್ಕೆ ಬಿಡುವಂಥದ್ದಲ್ಲ ಅದು. ವನಿತಾಳೂ ಅಷ್ಟಿಷ್ಟು ಕಿತ್ತು, ಚಪ್ಪಲಿ ಮೆಟ್ಟಿ ಗಾಡಿ ಹತ್ತಿದಳು.

"ಯಾಕ್ ಇಂಗ್ ನಡುಗ್ತಿದ್ದೀಯ? ಶಶೀದೇವಾ ಕೂಗು?" ಎಂದು ಗಂಗಾಧರಸ್ವಾಮಿ ಕೇಳಿದ. ಹೌದು ಎಂದು ತಲೆಯಾಡಿಸಿದಳು. ಅವನು ಅವಳ ತಲೆ ನೇವರಿಸಿ ಗಾಡಿ ಹೊರಡಿಸಿದ. ಟೀ ಅಂಗಡಿ ಮುಚ್ಚಿತ್ತಂತೆ. ಸೀಟಿನಲ್ಲೇ ಒರಗಿ ಕಣ್ಣು ಮುಚ್ಚಿದವನಿಗೆ ಒಳ್ಳೆ ನಿದ್ದೆ ಬಂದುಬಿಟ್ಟಿತ್ತಂತೆ.

ನಗರ ದಾಟುವಾಗಲೇ ಮಬ್ಬುಗತ್ತಲೆ ಇಳಿದಿತ್ತು. ಅಲ್ಲಲ್ಲಿ ಮಂಜು ರಸ್ತೆಗೆ ಅಡ್ಡ ಬರುತ್ತಿತ್ತು. ಗಾಡಿಯ ತುಂಬ ಕೋಸಿನ, ಟೊಮ್ಯಾಟೋದ ಹಳಸಲು ವಾಸನೆ. ನಡುಕ ನಿಲ್ಲಲೆಂದು ವನಿತಾ ಕೈ ಕಟ್ಟಿಕೊಂಡು ಬಗ್ಗಿ ಕೂತಳು. ಎದುರಿನಿಂದ ಬಂದ ಲಾರಿಯ ಬೆಳಕು ಗಾಡಿಯೊಳಕ್ಕೆ ನುಗ್ಗಿ, ಗಂಗಾಧರಸ್ವಾಮಿಯ ಕಾಲ ಮೇಲೆ ಹರಿದುಹೋಯಿತು.

ಅವನ ಬೂದು ಕಾಲುಚೀಲದ ತುಂಬ ಹುರುಳಿ ಹೊಟ್ಟು.

ಗಾಳಿಗೆ ಹಾರಿಬಂದು ಅಂಟಿರಬೇಕು ಎಂದುಕೊಂಡಳು. ಅಂಗಳದಲ್ಲಿ ಓಡಾಡಿರುತ್ತಾನೆ ಎಂದುಕೊಂಡಳು. ಇನ್ನೊಂದು ಲಾರಿ ಬಂತು. ಹೊಟ್ಟು ಕಾಲುಚೀಲದ ಮೇಲೆ ಮಾತ್ರ ಇರಲಿಲ್ಲ. ಚಪ್ಪಲಿಯ ಪಟ್ಟಿಯ ಕೆಳಗೆ, ಪ್ಯಾಂಟಿನ ಮಡಿಕೆಯೊಳಗೆ ಇತ್ತು. ಚಪ್ಪಲಿ ಬಿಟ್ಟು ಪಾದ ಹೂಳುವಷ್ಟು ಹೊಟ್ಟಿನಲ್ಲಿ ನಡೆದವನಿಗೆ ಮಾತ್ರ ಹಾಗೆ ಅಂಟುತ್ತದೆ. ಅವಳಿಗೂ ಹಾಗೇ ಅಂಟಿತ್ತು.

ಗೇಟು ದಾಟಿದವನು ಈಚೆ ಬರುವಂತಿಲ್ಲ, ನಿಜ. ಆದರೆ ಆ ದಿನವಾಗಲಿ, ಅದಕ್ಕೆ ಮೊದಲಾಗಲಿ ಅವನು ದಾಟಿದ್ದನ್ನು ಕಂಡವರು ಯಾರು? ಅವನು ಹೇಳಿದ್ದ, ಇವಳು ನಂಬಿದ್ದಳು.  ತನ್ನ ಬಾಯಿಗೆ ತುತ್ತಿಟ್ಟ ಕೈ ಅದು, ಸ್ಟೇರಿಂಗಿನ ಮೇಲೆ ಆರಾಮಾಗಿ ಕೂತಿತ್ತು.

ಮುಖದಲ್ಲಿ ಏನೂ ಕಾಣಬಾರದು. ಮಾಡಿದ ಕಂಡಕ್ಟರಿಕೆ ಅಷ್ಟಕ್ಕಾದರೂ ಬಂತು. ತಲೆ ಸಿಡಿಯುತ್ತಿದೆ, ತೆರಕಣಾಂಬಿಯ ಮೆಡಿಕಲ್ ಅಂಗಡಿ ಹತ್ತಿರ ನಿಲ್ಲಿಸಿ ಎಂದಳು. ಅಲ್ಲಿ ಅವಳನ್ನು ಅರಿಯದವರಿಲ್ಲ, ಇಳಿದುಬಿಟ್ಟರೆ ಸಾಕು. ಆಯ್ತು ಎಂದ ಗಂಗಾಧರಸ್ವಾಮಿ. ಆ ಯಮ್ಮ ಇನ್ನೇನಾದರೂ ರೆಕಾರ್ಡು ಮಡಗಿಕೊಂಡವಳಾ ಎಂದು ಕೇಳಿದ. ಗೊತ್ತಿಲ್ಲ ಎಂದಳು.

ತೆರಕಣಾಂಬಿಯ ದೀಪಗಳು ಬಂದವು. ಬಸ್ ನಿಲ್ದಾಣ, ಹೂವಿನವಳು, ಮೆಡಿಕಲ್ ಅಂಗಡಿಯ ಹಸಿರು ಬೋರ್ಡು, ಎಲ್ಲವೂ ಕಿಟಕಿಯಾಚೆ ಹಾದುಹೋದವು. ಗಾಡಿ ನಿಲ್ಲಲಿಲ್ಲ. ಊರು ಮುಗಿಯುವಲ್ಲಿ ಗುಂಡ್ಲುಪೇಟೆಯ ರಸ್ತೆ ಬಿಟ್ಟು ಎಡಕ್ಕೆ, ಸೀಗೆಪುರದ ಮಣ್ಣು ದಾರಿಗೆ ಇಳಿಯಿತು.

"ಇಲ್ಯಾಕೆ?" ಎಂದಳು. ಅವನು ಗೇರು ಬದಲಾಯಿಸಿದ. ಬಾಗಿಲ ಹಿಡಿಯನ್ನು ಎಳೆದು ನೋಡಿದಳು. ಲಾಕಾಗಿತ್ತು.

ಅವಳ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಸತ್ತಾರ್ ಸಾಹೇಬರು.

"ಎತ್ತು. ಇಬ್ರೂ ಕೇಳನ" ಎಂದು ಗಂಗಾಧರಸ್ವಾಮಿ ಗಾಡಿ ನಿಧಾನ ಮಾಡಿ, ತಾನೇ ಬೆರಳು ಚಾಚಿ ಸ್ಪೀಕರ್ ಒತ್ತಿದ.

"ಹಾಂ, ವನಿತಮ್ಮ" ಎಂದರು ಸತ್ತಾರ್. ದನಿ ಹಗುರವಾಗಿತ್ತು, ಬೇಕೆಂದೇ ಹಗುರ ಮಾಡಿಕೊಂಡದ್ದು. "ಎಲ್ಲಿದ್ದೀರಿ? ನಿಮ್ಮ ಕೆಂಪು ಸ್ವೆಟರ್ ಇಲ್ಲೇ ಮರೆತು ಹೋಗಿದ್ದೀರಲ್ಲ. ಜನ ಇರೋ ಕಡೆ ಗಾಡಿ ನಿಲ್ಲಿಸಿ ಇಳಿದುಕೊಳ್ಳಿ, ನಾನೇ ತಂದುಕೊಡ್ತೀನಿ."

ಸ್ವೆಟರು ಅವಳ ಮೈಮೇಲಿತ್ತು. ಕತ್ತರಿಸಿದ ಮಾತು ಮೈಸೂರಿನಿಂದ ಬಂದಿದೆ, ಮೂರನೆಯ ಕೂಗಾದ ಮೇಲೆ ಶಶಿ ಭಾವ ಎಂದು ಕರೆದದ್ದನ್ನು ಸಾಹೇಬರು ಕೇಳಿಸಿಕೊಂಡಿದ್ದಾರೆ ಎಂದು ವನಿತಾಗೆ ತಿಳಿದುಹೋಯಿತು. ಆದರೆ ಫೋನು ಸ್ಪೀಕರಿನಲ್ಲಿದೆ ಎಂದು ಅವರಿಗೆ ತಿಳಿದಿರಲಿಲ್ಲ.

ಗಂಗಾಧರಸ್ವಾಮಿ ಅವಳ ಕಡೆ ತಿರುಗಿದ. ಎಡಗೈ ಚಾಚಿ ಕೆಂಪು ಸ್ವೆಟರಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಅಂಗಡಿಯಲ್ಲಿ ನೋಡುವ ಹಾಗೆ ಉಜ್ಜಿ ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ನಿನ್ ತಮ್ಮ ಬದುಕವ್ನೆ" ಎಂದು ಪಿಸುಗುಟ್ಟಿದ. "ಕಣ್ಣಾರ ನೋಡ್ಬೇಕು ಅಂದ್ರೆ ಮಾತಾಡ್ದೆ ಫೋನ್ ಆರ್ಸು. ಅವ್ರು ಇತ್ತಾಗ್ ಬಂದ್ರೆ ನೋಡಕ್ಕೆ ಏನೂ ಇರಾಕಿಲ್ಲ."

ಸುಳ್ಳಿರಬಹುದು. ನಿಜವೂ ಇರಬಹುದು. ನಿಜವಾಗಿದ್ದರೆ ಎಂಬ ಒಂದು ಆಸೆ ಅವಳ ಬಾಯಿ ಕಟ್ಟಿತು. ಫೋನು ಆರಿಸಿದರೆ ಅವಳು ಎಲ್ಲಿದ್ದಾಳೆಂದು ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಆರಿಸದಿದ್ದರೆ ಶಶಿ ಉಳಿಯುವುದಿಲ್ಲ.

"ವನಿತಮ್ಮ?" ಎಂದರು ಸತ್ತಾರ್.

ಅವಳು ತುಟಿ ಬಿಗಿಹಿಡಿದಳು. ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟಳು, ಒತ್ತಲಿಲ್ಲ.

"ವನಿತಮ್ಮ, ಕೇಳಿಸ್ತಾ ಇದೆಯಾ?"

ಕರಿಯ ಪರದೆಯ ಮುಂದೆ ನಿಂತು ಮೂರು ಕೂಗಿನ ಬಗ್ಗೆ ತಾನು ಹೇಳಿದ್ದ ಮಾತು ಸಾಹೇಬರಿಗೆ ನೆನಪಿರಲಿ ಎಂದು ಅವಳು ಕಂಡ ದೇವರಿಗೆಲ್ಲ ಮೊರೆಯಿಟ್ಟಳು.  ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರು.

"ವನಿತಮ್ಮಾ…"

ಮೂರನೆಯದು ಉದ್ದಕ್ಕೆ ಬಂತು, ಹೊಲದಲ್ಲಿ ಕೂಗಿದ ಹಾಗೆ. ಅವಳು ಓಗೊಡಲಿಲ್ಲ. ಆಮೇಲೆ ಫೋನು ಆರಿಸಿದಳು.

"ಜಾಣೆ" ಎಂದ ಗಂಗಾಧರಸ್ವಾಮಿ. ಗಾಡಿಯ ಹೆಡ್‌ಲೈಟನ್ನೂ ಆರಿಸಿದ. ಮಂಜಿನೊಳಗೆ ದಾರಿ ಗೊತ್ತಿದ್ದವನ ಹಾಗೆ ಓಡಿಸತೊಡಗಿದ. ಸ್ವಲ್ಪ ದೂರ ಹೋದ ಮೇಲೆ, ಇದ್ದಕ್ಕಿದ್ದಂತೆ ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ಕತ್ತಲಲ್ಲಿ ಅವನ ಮುಖ ಅವಳ ಕಡೆ ತಿರುಗಿತು.

"ಮೂರ್ ಸಲ ಕೂಗುಸ್ಬುಟ್ಟೆಯಲ್ಲಮ್ಮಿ" ಎಂದ.